ರೀಲೋಡಿಂಗ್ ಸಾಮಾನು: ಯಾವುದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು, ಯಾವುದಕ್ಕೆ ದುಡ್ಡು ಕೊಡಲೇಬೇಕು

ಟೆಕ್ಸಾಸಿನ ನಮ್ಮ ಊರಿನ ಶೂಟಿಂಗ್ ರೇಂಜಿಗೆ ಬರುವ ಕನ್ನಡದವರು ನಾಲ್ಕೈದು ಜನ ಇದ್ದೇವೆ. ಶನಿವಾರ ಬೆಳಿಗ್ಗೆ ಒಂದೆರಡು ಗಂಟೆ ಗುರಿ ಹೊಡೆಯುವುದು, ಆಮೇಲೆ ಯಾರ ಮನೆಯಲ್ಲಾದರೂ ಉಪ್ಪಿಟ್ಟು, ಕಾಫಿ. ಈಚೆಗೆ ಇವರಲ್ಲಿ ಇಬ್ಬರು ಬಗ್ಗಿ ಬಗ್ಗಿ ನೆಲದ ಮೇಲಿನ ಖಾಲಿ ಕೇಸುಗಳನ್ನು ಹೆಕ್ಕಿ ಚೀಲಕ್ಕೆ ಹಾಕಿಕೊಳ್ಳಲು ಶುರು ಮಾಡಿದರು. ರೀಲೋಡಿಂಗ್, ಅಂದರೆ ಹೊಡೆದ ಕೇಸಿಗೆ ಮತ್ತೆ ಮದ್ದು, ಗುಂಡು ತುಂಬುವ ಹುಚ್ಚು ಹತ್ತಿತು ಅಂತ ಅಲ್ಲಿಗೇ ಗೊತ್ತಾಯಿತು. ಮುಂದಿನ ವಾರವೇ ಪ್ರಶ್ನೆ ಬಂತು: "ಕ್ಯಾಟಲಾಗ್ ನೋಡಿದರೆ ತಲೆ ತಿರುಗುತ್ತದೆ. ಇದರಲ್ಲಿ ಎಷ್ಟನ್ನು ನಾವೇ ಮಾಡಿಕೊಳ್ಳಬಹುದು, ಎಷ್ಟನ್ನು ಕೊಳ್ಳಲೇಬೇಕು?"

ನಾನು ಒಂಬತ್ತು ವರ್ಷದಿಂದ ಗ್ಯಾರೇಜಿನ ಒಂದು ಮೂಲೆಯಲ್ಲಿ ಇದನ್ನು ಮಾಡುತ್ತಿದ್ದೇನೆ. ಮನೆಯಲ್ಲಿ ಮಾಡಿ ಉಳಿಸಿದ್ದೂ ಇದೆ, ಉಳಿಸಲು ಹೋಗಿ ಎರಡರಷ್ಟು ಖರ್ಚು ಮಾಡಿದ್ದೂ ಇದೆ. ಎರಡನ್ನೂ ಹೇಳುತ್ತೇನೆ.

ಹೊಸಬರಿಗೆ ಎರಡು ಮಾತು. ಒಂದು ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಕೇಸ್, ಅದರ ಬುಡದಲ್ಲಿ ಏಟಿಗೆ ಕಿಡಿ ಕೊಡುವ ಪ್ರೈಮರ್, ಒಳಗೆ ಮದ್ದು, ತುದಿಯಲ್ಲಿ ಗುಂಡು. ಹೊಡೆದ ಮೇಲೆ ಉಳಿಯುವುದು ಕೇಸ್ ಮಾತ್ರ. ಅದನ್ನು ತೊಳೆದು, ಡೈ ಅನ್ನುವ ಅಚ್ಚಿನ ಒಳಗೆ ಪ್ರೆಸ್ ಯಂತ್ರದಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ಹೊಸ ಪ್ರೈಮರ್ ಕೂರಿಸಿ, ಮದ್ದು ತೂಗಿ ಹಾಕಿ, ಗುಂಡು ಕೂರಿಸಿದರೆ ರೀಲೋಡಿಂಗ್ ಆಯಿತು. ಕೇಸ್ ಪದೇ ಪದೇ ಬಳಕೆಗೆ ಬರುವುದರಿಂದ ದುಡ್ಡು ಉಳಿಯುತ್ತದೆ.

ಕಾನೂನಿನ ವಿಷಯ ಮೊದಲೇ ಮುಗಿಸಿಬಿಡೋಣ. ಅಮೆರಿಕದಲ್ಲಿ ಸ್ವಂತ ಬಳಕೆಗೆ ರೀಲೋಡ್ ಮಾಡಲು ಫೆಡರಲ್ ಲೈಸೆನ್ಸ್ ಬೇಡ. ಮಾರುವ ದಂಧೆಗೆ ಇಳಿದರೆ ಬೇಕು. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ, ನಿಮ್ಮದನ್ನು ನೋಡಿಕೊಳ್ಳಿ. ನಮ್ಮವರು ಮರೆಯುವುದು ಇನ್ನೊಂದು ವಿಷಯ: ಎಚ್-1ಬಿ ತರಹದ ವೀಸಾದಲ್ಲಿ ಇರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಬೇಟೆ ಲೈಸೆನ್ಸ್ ಇರುವಂಥ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಬಂದವರಿಗೆ ಈ ಅಡ್ಡಿ ಇಲ್ಲ. ಊರಿನಲ್ಲಿ ಕೂತು ಓದುತ್ತಿರುವವರಿಗೆ ಇದು ಓದಿಗೆ ಮಾತ್ರ. ಭಾರತದಲ್ಲಿ 1959ರ ಆರ್ಮ್ಸ್ ಆಕ್ಟ್ ಪ್ರಕಾರ ತೋಟಾ ತಯಾರಿಸಲು ಲೈಸೆನ್ಸ್ ಬೇಕು. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿದ್ದಾರೆ, ನಿಜ. ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಪಟ್ಟದ್ದು. ಕೈಲ್ ಮುಹೂರ್ತಕ್ಕೆ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿ ಹೊಡೆಯಬಹುದು, ಹಿತ್ತಲಲ್ಲಿ ತೋಟಾ ತುಂಬುವಂತಿಲ್ಲ.

ಅಳೆಯುವ ಕೋಲು

ಯಾವುದೇ ಸಾಮಾನನ್ನು ಮನೆಯಲ್ಲಿ ಮಾಡಲು ಹೊರಟಾಗ ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ: ಇದು ಕೈಕೊಟ್ಟರೆ ಏನು ಹಾಳಾಗುತ್ತದೆ? ಕೇಸಿಗೆ ಕಲೆ ಬಿದ್ದರೆ ಒಂದು ಕೇಸ್ ಹೋಯಿತು, ಅಷ್ಟೇ. ಮದ್ದಿನ ತೂಕ ತಪ್ಪಿದರೆ ಕೋವಿ, ಬೆರಳು, ಕಣ್ಣು. ಕಾರಿನ ಟೈರಿನಲ್ಲಿ ಇರುವ ಒತ್ತಡ ಸುಮಾರು 35 ಪಿಎಸ್‌ಐ. .38 ಸ್ಪೆಷಲ್ ತೋಟಾದ ಒಳಗೆ 17,000ದವರೆಗೆ, 9 ಎಂಎಂನಲ್ಲಿ 35,000ದವರೆಗೆ, .308 ರೈಫಲ್ಲಿನಲ್ಲಿ 62,000ದವರೆಗೆ ಹೋಗುತ್ತದೆ. ಅದೂ ಕೆನ್ನೆಯ ಪಕ್ಕದಲ್ಲಿ.

ಎರಡನೆಯದು, ನನ್ನ ಲೆಕ್ಕದಲ್ಲಿ ಇದೇ ದೊಡ್ಡದು: ತಪ್ಪಾದರೆ ಕಣ್ಣಿಗೆ ಕಾಣುತ್ತದಾ? ಕೇಸ್ ನಿಲ್ಲಿಸುವ ಹಲಗೆಯ ತೂತು ದೊಡ್ಡದಾದರೆ ಕೇಸ್ ಅಲ್ಲಾಡುತ್ತದೆ, ಕಾಣುತ್ತದೆ. ಕೇಸ್ ತೊಳೆಯುವ ಡ್ರಮ್ಮು ಸೋರಿದರೆ ಕಾಲು ಒದ್ದೆಯಾಗುತ್ತದೆ. ತಕ್ಕಡಿ ಅರ್ಧ ಗ್ರೇನ್ (ಮದ್ದು ತೂಗುವ ಪುಟ್ಟ ಅಳತೆ) ಸುಳ್ಳು ಹೇಳಿದರೆ ಏನೂ ಕಾಣುವುದಿಲ್ಲ, ಟ್ರಿಗರ್ ಎಳೆಯುವ ತನಕ. ಸದ್ದಿಲ್ಲದೆ ತಪ್ಪುವ ಸಾಮಾನನ್ನು ನಾನು ಮನೆಯಲ್ಲಿ ಮಾಡುವುದಿಲ್ಲ.

ಆಮೇಲೆ ತಿಂಗಳಿಗೆ ಎಷ್ಟು ತೋಟಾ, ಎಷ್ಟು ಜಾಗ ಅನ್ನುವುದು. ತಿಂಗಳಿಗೆ ಐವತ್ತು ಹೊಡೆಯುವವರಿಗೂ ಸಾವಿರ ಹೊಡೆಯುವವರಿಗೂ ಒಂದೇ ಉತ್ತರ ಇಲ್ಲ. ಗ್ಯಾರೇಜ್ ಇರುವವರಿಗೂ ಅಪಾರ್ಟ್‌ಮೆಂಟಿನ ಕ್ಲಾಸೆಟ್ಟಿನಲ್ಲಿ ಸಾಮಾನು ಇಡುವವರಿಗೂ ಕೂಡ.

ಲೋಡಿಂಗ್ ಬ್ಲಾಕ್: ಇಲ್ಲಿಂದ ಶುರು ಮಾಡಿ

ಕೇಸುಗಳನ್ನು ಸಾಲಾಗಿ ನಿಲ್ಲಿಸುವ ತೂತಿನ ಹಲಗೆಯೇ ಲೋಡಿಂಗ್ ಬ್ಲಾಕ್. ನೋಡಲು ಏನೂ ಅಲ್ಲ. ಆದರೆ ಬೆಂಚಿನ ಮೇಲೆ ಅಪಘಾತ ತಪ್ಪಿಸುವುದು ಇದೇ. .38 ಸ್ಪೆಷಲ್ಲಿಗೆ ಹಾಕುವ ಬೇಗ ಉರಿಯುವ ಪಿಸ್ತೂಲ್ ಮದ್ದು ಕೇಸಿನ ಅರ್ಧವನ್ನೂ ತುಂಬುವುದಿಲ್ಲ. ಫೋನ್ ಬಂತು, ಎದ್ದು ಹೋದಿರಿ, ಬಂದು ಅದೇ ಕೇಸಿಗೆ ಇನ್ನೊಮ್ಮೆ ಹಾಕಿದಿರಿ ಅಂದುಕೊಳ್ಳಿ. ಎರಡು ಪಾಲೂ ಆರಾಮಾಗಿ ಹಿಡಿಸುತ್ತದೆ, ಹೊರಗೆ ಚೆಲ್ಲುವುದಿಲ್ಲ. ಐವತ್ತೂ ಕೇಸುಗಳನ್ನು ಬ್ಲಾಕಿನಲ್ಲಿ ನಿಲ್ಲಿಸಿ, ಗುಂಡು ಕೂರಿಸುವ ಮೊದಲು ಟಾರ್ಚ್ ಬೆಳಕು ಬಿಟ್ಟು ಮೇಲಿಂದ ನೋಡಿದರೆ ಮಾತ್ರ ಒಂದರಲ್ಲಿ ಮಟ್ಟ ಏರಿರುವುದು ಗೊತ್ತಾಗುತ್ತದೆ.

ನನ್ನದು ಬೇಲಿ ರಿಪೇರಿಯಲ್ಲಿ ಉಳಿದ ಟೂ-ಬೈ-ಫೋರ್ ಮರದ ತುಂಡು. ಹೆಸರಿಗೆ ನಾಲ್ಕು ಇಂಚು, ಅಗಲ ನಿಜಕ್ಕೂ ಮೂರೂವರೆ. ಅದರಲ್ಲಿ ಐದು ಸಾಲು, ಸಾಲಿಗೆ ಹತ್ತು, ಅರ್ಧ ಇಂಚು ಆಳ. ಬರ್ಮದ (ತೂತು ಕೊರೆಯುವ ಡ್ರಿಲ್ ಬಿಟ್ಟಿನ) ಅಳತೆಯಲ್ಲೇ ಎಡವುವುದು. ಮೊದಲ ಸಲ .223 ಕೇಸಿಗೆ ಅಂತ ಐವತ್ತೂ ತೂತನ್ನು 3/8 ಇಂಚಿನ ಬರ್ಮದಲ್ಲಿ ಕೊರೆದೆ. ಸಂಜೆಯೆಲ್ಲ ಕೂತು ಮರಳು ಕಾಗದ ಉಜ್ಜಿ, ಎಣ್ಣೆ ಹಚ್ಚಿ, ಕೇಸ್ ಇಟ್ಟರೆ ಕೂರುವುದೇ ಇಲ್ಲ. 3/8 ಅಂದರೆ 0.375 ಇಂಚು, .223ರ ಬುಡ 0.378. ಇಂಚಿನ ಸಾವಿರದಲ್ಲಿ ಮೂರು ಪಾಲಿಗೆ ನನ್ನ ಸಂಜೆ ಹೋಯಿತು. ಆ ಹಲಗೆ ಈಗ ಮಗಳ ಟೇಬಲ್ಲಿನಲ್ಲಿ ಪೆನ್ಸಿಲ್ ಸ್ಟ್ಯಾಂಡ್. .223ಕ್ಕೂ 9 ಎಂಎಂಗೂ 13/32 ಸರಿಹೋಗುತ್ತದೆ. .38ಕ್ಕೆ 15/32. .308, .30-06, .45 ಎಸಿಪಿ ಮೂರಕ್ಕೂ ಒಂದೇ ಅರ್ಧ ಇಂಚಿನ ಬರ್ಮ ಸಾಕು. ಫಾರ್ಸ್ಟ್ನರ್ ಬಿಟ್ ಇದ್ದರೆ ತೂತಿನ ತಳ ಚಪ್ಪಟೆ ಬರುತ್ತದೆ, ಕೇಸ್ ನೆಟ್ಟಗೆ ನಿಲ್ಲುತ್ತದೆ.

ಅಂಗಡಿಯ ಪ್ಲಾಸ್ಟಿಕ್ ಬ್ಲಾಕ್ ಹಗುರ. ಮೊಣಕೈ ತಾಗಿದರೆ ಐವತ್ತು ಕೇಸಿನ ಮದ್ದೂ ಮೇಜಿನ ಮೇಲೆ. ಮರದ್ದು ಅಷ್ಟು ಸುಲಭಕ್ಕೆ ಅಲ್ಲಾಡುವುದಿಲ್ಲ. ಪಿಸ್ತೂಲ್ ಮಾತ್ರ ಹೊಡೆಯುವವರಿಗೆ ಇವೆರಡೂ ಬೇಡ, ಫ್ಯಾಕ್ಟರಿ ತೋಟಾದ ಪೆಟ್ಟಿಗೆಯೊಳಗೆ ಬರುವ ಐವತ್ತು ತೂತಿನ ಪ್ಲಾಸ್ಟಿಕ್ ಟ್ರೇ ಇದೆಯಲ್ಲ, ಅದೇ ನಡೆಯುತ್ತದೆ. ರೇಂಜಿನ ಕಸದ ಬುಟ್ಟಿಯಲ್ಲಿ ಬೇಕಾದಷ್ಟು ಸಿಗುತ್ತದೆ. ಎರಡು ಟ್ರೇ ತಂದು ಒಂದು ಹಲಗೆಗೆ ಅಂಟಿಸಿದರೆ ಅಲ್ಲಾಡುವ ತೊಂದರೆಯೂ ಹೋಯಿತು. ರೈಫಲ್ ಕೇಸ್ ಉದ್ದ, ಅದಕ್ಕೆ ಮರವೇ ವಾಸಿ.

ಹಿತ್ತಾಳೆ ತೊಳೆಯುವುದು: ನಾಲ್ಕು ದಾರಿ

ಎಲ್ಲರೂ ಜಾಸ್ತಿ ದುಡ್ಡು ಸುರಿಯುವುದು ಇಲ್ಲೇ. ಸುರಿಯುವ ಅಗತ್ಯ ಕಮ್ಮಿ ಇರುವುದೂ ಇಲ್ಲೇ. ಮಸಿ, ಮರಳು ಹೋದರೆ ಸಾಕು, ಡೈ ಗೀರಾಗುವುದಿಲ್ಲ. ಫಳಫಳ ಹೊಳೆಯುವುದು ಕಣ್ಣಿನ ಆಸೆ ಅಷ್ಟೇ.

ಹಿತ್ತಾಳೆ ಅಂದ ಕೂಡಲೇ ನನ್ನ ಕೈ ಹೋಗಿದ್ದು ಹುಣಸೆಹಣ್ಣಿಗೆ. ದೇವರ ದೀಪ ತಿಕ್ಕಿದ ಕೈ ಅಲ್ವಾ. ಹುಳಿ ಕೆಲಸ ಮಾಡುತ್ತದೆ, ಅನುಮಾನವಿಲ್ಲ. ಆದರೆ ಹುಣಸೆಯ ನಾರು, ತಿರುಳು ಕೇಸಿನ ಬುಡದ ಸಣ್ಣ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ, ಮನೆಯ ಹಳೇ ಹುಣಸೆಯಲ್ಲಿ ಉಪ್ಪು ಬೇರೆ ಇರುತ್ತದೆ. ಇಪ್ಪತ್ತು ಕೇಸ್ ತೊಳೆದು ಬಿಟ್ಟೆ. ಹುಳಿಯೇ ಬೇಕು ಅಂದರೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಪುಡಿ, ಇಂಡಿಯನ್ ಅಂಗಡಿಯಲ್ಲೇ ಇದೆ. ಒಂದು ಗ್ಯಾಲನ್ ಬಿಸಿ ನೀರಿಗೆ ಒಂದು ದೊಡ್ಡ ಚಮಚ, ನಾಲ್ಕು ಹನಿ ಪಾತ್ರೆ ಸೋಪು, ಹತ್ತು ನಿಮಿಷ. ಆಗಾಗ ಕಲಕಿ, ಆಮೇಲೆ ಚೆನ್ನಾಗಿ ಜಾಲಾಡಿಸಿ. ಹುಳಿ ಜಾಸ್ತಿಯಾದರೆ, ಇಲ್ಲ ರಾತ್ರಿಯೆಲ್ಲ ನೆನೆಹಾಕಿದರೆ ಕೇಸ್ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕೇಸಿನ ಹಿತ್ತಾಳೆ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು. ಸತು ಕರಗಿ ತಾಮ್ರ ಮೇಲೆ ಕಾಣುವುದೇ ಆ ಬಣ್ಣ. ಮಂದವಾಗಿ ಬಂದರೂ ಪರವಾಗಿಲ್ಲ, ಹೊತ್ತಿಗೆ ಸರಿಯಾಗಿ ತೆಗೆಯಿರಿ.

ಅಮೋನಿಯ ಇರುವ ಪಾಲಿಶ್ ಮಾತ್ರ ಮುಟ್ಟಬೇಡಿ. ಇದರ ಹಿಂದೆ ನಮ್ಮ ನೆಲದ ಕಥೆಯೇ ಇದೆ. ಬ್ರಿಟಿಷರ ಕಾಲದ ಇಂಡಿಯಾದಲ್ಲಿ ಮಳೆಗಾಲ ಬಂದರೆ ಸೈನ್ಯದ ಓಡಾಟ ಕಮ್ಮಿ. ತೋಟಾಗಳನ್ನು ಕುದುರೆ ಲಾಯದಲ್ಲಿ ಇಟ್ಟುಬಿಡುತ್ತಿದ್ದರು. ಮಳೆ ಮುಗಿದು ತೆಗೆದರೆ ಹಿತ್ತಾಳೆ ಕೇಸುಗಳು ತಾವಾಗಿಯೇ ಬಿರುಕು ಬಿಟ್ಟಿರುತ್ತಿದ್ದವು. ಕಾರಣ ಪೂರ್ತಿ ಬಿಡಿಸಿ ಹೇಳಿದ್ದು 1921ರಲ್ಲಿ. ಕುದುರೆ ಗಂಜಲದಿಂದ ಏಳುವ ಅಮೋನಿಯ, ಜೊತೆಗೆ ತಯಾರಿಸುವಾಗ ಹಿತ್ತಾಳೆಯಲ್ಲಿ ಉಳಿದುಕೊಂಡ ಎಳೆತ, ಎರಡೂ ಸೇರಿ ಲೋಹವನ್ನು ಸೀಳುತ್ತಿದ್ದವು. ಇಂಗ್ಲಿಷಿನಲ್ಲಿ ಇದಕ್ಕೆ ಇವತ್ತಿಗೂ ಸೀಸನ್ ಕ್ರ್ಯಾಕಿಂಗ್ ಅಂತಲೇ ಹೆಸರು. ಅಡುಗೆಮನೆ ಹಿತ್ತಾಳೆಗೆ ಹಾಕುವ ಬಾಟಲಿ ಪಾಲಿಶ್‌ಗಳಲ್ಲಿ ಕೆಲವಕ್ಕೆ ಅಮೋನಿಯ ಹಾಕಿರುತ್ತಾರೆ. ಲೇಬಲ್ ಓದಿ.

ಎರಡನೇ ದಾರಿ ಒಣ ಟಂಬ್ಲರ್, ಅಂದರೆ ಕೇಸ್ ಉಜ್ಜುವ ಯಂತ್ರ. ಬಟ್ಟಲೊಂದು ನಡುಗುತ್ತದೆ, ಒಳಗೆ ಜೋಳದ ದಿಂಡಿನ ಪುಡಿ ಇಲ್ಲವೇ ವಾಲ್ನಟ್ ಚಿಪ್ಪಿನ ಪುಡಿ. ಯಂತ್ರ ಕೊಳ್ಳಿ, ಪುಡಿಯನ್ನು ಮಾತ್ರ ರೀಲೋಡಿಂಗ್ ಅಂಗಡಿಯಲ್ಲಿ ಕೊಳ್ಳಬೇಡಿ. ಅದೇ ವಾಲ್ನಟ್ ಚಿಪ್ಪು ಸಾಕುಪ್ರಾಣಿ ಅಂಗಡಿಯಲ್ಲಿ ಹಲ್ಲಿ, ಓತಿಗಳ ಪಂಜರಕ್ಕೆ ಹಾಸಲು ದೊಡ್ಡ ಚೀಲದಲ್ಲಿ ಸಿಗುತ್ತದೆ, ಪೌಂಡಿನ ಲೆಕ್ಕದಲ್ಲಿ ಅಗ್ಗ. ಬಟ್ಟೆ ಒಣಗಿಸುವಾಗ ಡ್ರೈಯರಿಗೆ ಹಾಕಿದ ಹಳೇ ಡ್ರೈಯರ್ ಶೀಟನ್ನು ತುಂಡು ಮಾಡಿ ಜೊತೆಗೆ ಹಾಕಿದರೆ ಧೂಳು ಅದಕ್ಕೆ ಅಂಟಿಕೊಳ್ಳುತ್ತದೆ. ಪ್ರೈಮರಿನ ಮಸಿಯಲ್ಲಿ ಸೀಸ ಇರುವುದರಿಂದ ಈ ಧೂಳು ಆಟದ ವಿಷಯವಲ್ಲ. ಮುಚ್ಚಳ ತೆಗೆಯುವುದು ಮನೆಯ ಹೊರಗೆ, ಮಾಸ್ಕ್ ಹಾಕಿಕೊಂಡು. ಚಿಕ್ಕ ಮಕ್ಕಳಿರುವ ಅಪಾರ್ಟ್‌ಮೆಂಟಿನವರಿಗೆ ಇದನ್ನು ನಾನು ಹೇಳುವುದೇ ಇಲ್ಲ. ಸದ್ದು ಬೇರೆ ಗಂಟೆಗಟ್ಟಲೆ.

ಒದ್ದೆ ಟಂಬ್ಲರಿನಲ್ಲಿ ಧೂಳಿನ ಭಯ ಇಲ್ಲ. ತಿರುಗುವ ಡ್ರಮ್ಮಿನಲ್ಲಿ ನೀರು, ಸೋಪು, ಚಿಟಿಕೆ ನಿಂಬೆ ಉಪ್ಪು, ಸೂಜಿಯಂಥ ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿಗಳು. ಒಂದೆರಡು ಗಂಟೆಗೆ ಕೇಸ್ ಹೊಸದರಂತೆ, ಪ್ರೈಮರ್ ಕೂರುವ ಗುಳಿ ಸಮೇತ. ಎಲ್ಲರೂ "ಮನೆಯಲ್ಲೇ ಮಾಡಿದೆ" ಅಂತ ಹೆಮ್ಮೆಪಡುವ ಯಂತ್ರವೂ ಇದೇ. ನಾನೂ ಮಾಡಿದೆ. ಆರು ಇಂಚಿನ ಪಿವಿಸಿ ಪೈಪಿನ ತುಂಡು, ಎರಡು ಕಡೆ ಪ್ಲಂಬಿಂಗಿನ ರಬ್ಬರ್ ಕ್ಯಾಪ್, ಕೆಳಗೆ ಎರಡು ಕಬ್ಬಿಣದ ಸರಳು, ನಾಲ್ಕು ಬೇರಿಂಗ್, ಯಾರೋ ಬೀದಿಗೆ ಇಟ್ಟಿದ್ದ ಟ್ರೆಡ್‌ಮಿಲ್ಲಿನ ಮೋಟರ್. ಮೋಟರ್ ಪುಕ್ಕಟೆ ಅಂತ ಶುರು ಮಾಡಿದ್ದು. ಬೇರಿಂಗ್, ಬೆಲ್ಟ್, ವೇಗ ತಗ್ಗಿಸುವ ಕಂಟ್ರೋಲರ್, ಕ್ಯಾಪ್ ಅಂತ ಹಾರ್ಡ್‌ವೇರ್ ಅಂಗಡಿಗೆ ನಾಲ್ಕು ಸಲ ಹೋದೆ. ಮೊದಲ ರಾತ್ರಿಯೇ ಒಂದು ಕ್ಯಾಪಿನ ಪಟ್ಟಿ ಸಡಿಲಾಗಿ ಗ್ಯಾರೇಜಿನ ತುಂಬ ಕಪ್ಪು ನೀರು, ಅದರ ಮಧ್ಯೆ ಕರೆಂಟ್ ವೈರು. ಪ್ಲಗ್ಗು ಜಿಎಫ್‌ಸಿಐ ಸಾಕೆಟ್ಟಿನಲ್ಲಿ (ಕರೆಂಟ್ ಸೋರಿದರೆ ತಾನೇ ಕಡಿಯುವಂಥದು) ಇದ್ದಿದ್ದಕ್ಕೆ ಕಚಕ್ ಅಂತ ಕಡಿದುಕೊಂಡಿತು, ಬದುಕಿಕೊಂಡೆ. ಬಿಲ್ಲುಗಳನ್ನು ಕೂಡಿಸಿದರೆ ಅಂಗಡಿಯಲ್ಲಿ ಸಿಗುವ, ಕಲ್ಲು ಪಾಲಿಶ್ ಮಾಡುವ ಚಿಕ್ಕ ರಾಕ್ ಟಂಬ್ಲರಿಗಿಂತ ಜಾಸ್ತಿಯೇ ಆಗಿತ್ತು.

ಅದಕ್ಕೇ ನನ್ನ ಸಲಹೆ ಹೀಗೆ. ಸಲಕ್ಕೆ ನೂರಿನ್ನೂರು ಕೇಸ್ ತೊಳೆಯುವವರು ಆ ಎರಡು ಡ್ರಮ್ಮಿನ ಚಿಕ್ಕ ರಾಕ್ ಟಂಬ್ಲರ್ ಕೊಳ್ಳಿ, ಸ್ಟೀಲ್ ಕಡ್ಡಿ ಬೇರೆ ಕೊಂಡು ಹಾಕಿ. ಸಲಕ್ಕೆ ಸಾವಿರ ತೊಳೆಯುವವರು, ಕೈಯಲ್ಲಿ ಮೋಟರ್, ಬೇರಿಂಗ್ ಎಲ್ಲ ಮೊದಲೇ ಇರುವವರು ಮಾತ್ರ ಕಟ್ಟಿ. ಅಲ್ಲಿ ನಿಜಕ್ಕೂ ದುಡ್ಡು ಉಳಿಯುತ್ತದೆ. ನನ್ನದು ಈಗಲೂ ತಿರುಗುತ್ತಿದೆ, ಅದರ ಮೇಲೆ ನನಗೆ ಪ್ರೀತಿಯೂ ಇದೆ. ಆದರೆ ಉಳಿತಾಯ ಅಂತ ಹೇಳಿದರೆ ಸುಳ್ಳಾಗುತ್ತದೆ.

ಉಳಿದದ್ದು ಅಲ್ಟ್ರಾಸಾನಿಕ್ ತೊಟ್ಟಿ. ಒಳಗನ್ನು ಚೆನ್ನಾಗಿ ತೊಳೆಯುತ್ತದೆ, ಹೊಳಪು ಬರುವುದಿಲ್ಲ, ಸಲಕ್ಕೆ ಸ್ವಲ್ಪವೇ ಹಿಡಿಸುತ್ತದೆ. ಕನ್ನಡಕ, ಒಡವೆ ತೊಳೆಯಲು ತಂದದ್ದು ಮನೆಯಲ್ಲಿ ಇದ್ದರೆ ಅದನ್ನು ಇದಕ್ಕೆ ಬಳಸಬೇಡಿ, ಸೀಸದ ಕಾರಣಕ್ಕೆ. ಅಡುಗೆಯ ಜರಡಿ, ಬಟ್ಟಲು, ಓವನ್ ಕೂಡ ಹಾಗೆಯೇ, ಒಮ್ಮೆ ಇಲ್ಲಿಗೆ ಬಂದರೆ ಮತ್ತೆ ಅಡುಗೆಮನೆಗೆ ಹೋಗುವಂತಿಲ್ಲ. ಒಣಗಿಸಲು ನಾನು ಹಳೇ ಟವೆಲ್ ಹಾಸಿ, ಸಂಡಿಗೆ ಹರವಿದ ಹಾಗೆ ಹಿತ್ತಲ ಬಿಸಿಲಿಗೆ ಹರವುತ್ತೇನೆ. ಟೆಕ್ಸಾಸ್ ಬೇಸಗೆಗೆ ಒಂದು ಮಧ್ಯಾಹ್ನ ಸಾಕು. ಕಾಗೆ ಕಾಯುವ ಕೆಲಸವೂ ಇಲ್ಲ.

ಲೂಬ್: ಮನೆಯದೇ ಗೆಲ್ಲುತ್ತದೆ

ಲೂಬ್ ಅಂದರೆ ಕೇಸ್ ಡೈಯಲ್ಲಿ ಕಚ್ಚಿಕೊಳ್ಳದಂತೆ ಸವರುವ ಜಿಡ್ಡು. ನೇರ ಗೋಡೆಯ ಪಿಸ್ತೂಲ್ ಕೇಸಿಗೆ ಕಾರ್ಬೈಡ್ ಡೈ (ತುಂಬ ಗಡುಸು, ನುಣುಪು) ಕೊಂಡರೆ ಲೂಬ್ ಬೇಕಾಗಿಲ್ಲ, ಈ ಭಾಗ ಬಿಟ್ಟು ಮುಂದೆ ಹೋಗಿ. ರೈಫಲ್ಲಿನವರು ಬಿಡುವ ಹಾಗಿಲ್ಲ. ಕುರಿಯ ಉಣ್ಣೆಯಿಂದ ಬರುವ ಜಿಡ್ಡು ಲ್ಯಾನೊಲಿನ್, ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಬಿಸಿ ನೀರಿನಲ್ಲಿ ಬಾಟಲಿ ಸಮೇತ ಇಟ್ಟು ಕರಗಿಸಿ, ಹತ್ತು ಹನ್ನೆರಡು ಪಾಲು 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲಿಗೆ ಬೆರೆಸಿ. ಆಲ್ಕೋಹಾಲ್ ಹತ್ತಿರ ಬೆಂಕಿ ಬೇಡ, ಒಲೆಯ ಮೇಲೆ ಈ ಕೆಲಸ ಮಾಡಬೇಡಿ. 70 ಪರ್ಸೆಂಟಿನದರಲ್ಲಿ ನೀರು ಜಾಸ್ತಿ, ಸರಿಯಾಗಿ ಬೆರೆಯುವುದಿಲ್ಲ. ಸ್ಪ್ರೇ ಬಾಟಲಿಗೆ ಹಾಕಿ, ಕೇಸುಗಳ ಮೇಲೆ ಎರಡು ಸಲ ಚಿಮುಕಿಸಿ, ಚೀಲದಲ್ಲಿ ಉರುಳಿಸಿ, ಐದು ನಿಮಿಷ ಬಿಡಿ. ಆಲ್ಕೋಹಾಲ್ ಆರಬೇಕು, ಜಿಡ್ಡು ಉಳಿಯಬೇಕು. ಒಂದು ಬಾಟಲಿ ವರ್ಷಗಟ್ಟಲೆ ಬರುತ್ತದೆ. ಅಂಗಡಿಯ ಸ್ಪ್ರೇಗೂ ಇದಕ್ಕೂ ಕೆಲಸದಲ್ಲಿ ನನಗೆ ವ್ಯತ್ಯಾಸ ಕಂಡಿಲ್ಲ, ಬೆಲೆಯಲ್ಲಿ ಕಂಡಿದೆ. ತಿಂಗಳಿಗೆ ಇಪ್ಪತ್ತು ರೈಫಲ್ ತೋಟಾ ಮಾಡುವವರಿಗೆ ಮಾತ್ರ ಈ ರಗಳೆ ಬೇಡ. ಇಂಪೀರಿಯಲ್ ವ್ಯಾಕ್ಸ್ ಅನ್ನುವ ಮೇಣದಂಥ ಲೂಬಿನ ಒಂದು ಪುಟ್ಟ ಡಬ್ಬಿ ಕೊಂಡು ಬೆರಳಲ್ಲಿ ಸವರಿದರೆ ಆಯಿತು. ಯಾವುದೇ ಆಗಲಿ ಅತಿಯಾದರೆ ಕೇಸಿನ ಭುಜದಲ್ಲಿ (ಕತ್ತಿನ ಕೆಳಗಿನ ಇಳಿಜಾರು) ತಗ್ಗು ಬೀಳುತ್ತದೆ. ಗುಂಡು ಕೂರಿಸುವ ಮೊದಲು ಒರೆಸಬೇಕು ಕೂಡ.

ಲೂಬ್ ಕಮ್ಮಿಯಾದರೆ? ಕೇಸ್ ಡೈ ಒಳಗೆ ಕಚ್ಚಿಕೊಳ್ಳುತ್ತದೆ, ಪ್ರೆಸ್ಸಿನ ಹಿಡಿ ಎಳೆದರೆ ಅಂಚು ಕಿತ್ತು ಬರುತ್ತದೆ, ಕೇಸ್ ಒಳಗೇ. ಇದಕ್ಕೆ ಅಂತಲೇ ಮಾರುವ ಕಿಟ್ ಇದೆ. ನಿಮ್ಮ ಟೂಲ್ ಬಾಕ್ಸಿನಲ್ಲಿ ಸಾಕೆಟ್ ಸೆಟ್ ಇದ್ದರೆ ಬೇಡ. ಕಚ್ಚಿಕೊಂಡಿರುವುದು ಹೊಡೆದ ಖಾಲಿ ಕೇಸೇ ಅಂತ ಖಾತ್ರಿ ಮಾಡಿಕೊಳ್ಳಿ. ಡೈ ಒಳಗಿನ ಕಡ್ಡಿಯನ್ನು ಸಡಿಲಿಸಿ ಮೇಲಕ್ಕೆ ಸರಿಸಿ. ಕೇಸಿನ ಬುಡದ ತೂತನ್ನು 7ನೇ ನಂಬರ್ ಬರ್ಮದಲ್ಲಿ ಅಗಲ ಮಾಡಿ, 1/4-20 ಟ್ಯಾಪಿನಲ್ಲಿ ಬೋಲ್ಟ್ ಕೂರುವ ಮರೆ (ಥ್ರೆಡ್) ಕೊರೆಯಿರಿ. ಮೇಲೆ ಕೇಸಿಗಿಂತ ದೊಡ್ಡ ಸಾಕೆಟ್ ಕವುಚಿ, ವಾಷರ್ ಇಟ್ಟು, ಬೋಲ್ಟ್ ತಿರುಗಿಸುತ್ತಾ ಹೋಗಿ. ಟಪ್ ಅಂತ ಬಂದುಬಿಡುತ್ತದೆ. ಸ್ಪ್ಯಾನರ್ ಹಿಡಿದು ಬೆವರುತ್ತಾ ನಾನು ಇದನ್ನು ಮಾಡಿದ್ದು ಮೂರು ಸಲ. ಮೂರೂ ಸಲ ತಪ್ಪು ನನ್ನದೇ, ಆಲ್ಕೋಹಾಲ್ ಆರುವ ಮೊದಲೇ ಅವಸರ.

ಮದ್ದಿನ ಹತ್ತಿರ ಬಂದಾಗ

ಇಲ್ಲಿ ನನ್ನ ಧ್ವನಿ ಬದಲಾಗುತ್ತದೆ. ಹಳಬರು ಹಳೇ ಪಿಸ್ತೂಲ್ ಕೇಸನ್ನು ಕತ್ತರಿಸಿ, ತಾಮ್ರದ ತಂತಿಯ ಹಿಡಿ ಬೆಸೆದು ಚಮಚ ಮಾಡಿಕೊಳ್ಳುತ್ತಿದ್ದರು. ನೋಡಲು ಚೆಂದ, ನಾನೂ ಒಂದು ಮಾಡಿಟ್ಟಿದ್ದೇನೆ. ತೊಂದರೆ ಏನೆಂದರೆ ಚಮಚ ಅಳೆಯುವುದು ಗಾತ್ರವನ್ನು, ಪುಸ್ತಕ ಹೇಳುವುದು ತೂಕವನ್ನು. ಒಂದು ಸೇರು ಅಕ್ಕಿಯೂ ಒಂದು ಸೇರು ಮಂಡಕ್ಕಿಯೂ ತೂಕದಲ್ಲಿ ಒಂದೇ ಅಲ್ಲ, ಮದ್ದುಗಳೂ ಹಾಗೆಯೇ. ಒಂದೇ ಹೆಸರಿನ ಮದ್ದು ಕೂಡ ಡಬ್ಬಿಯಿಂದ ಡಬ್ಬಿಗೆ ಕೊಂಚ ಬದಲಾಗಬಹುದು. ಅಂಗಡಿಯ ಲೀ ಚಮಚದ ಸೆಟ್ಟಿನಲ್ಲಿ 0.3ರಿಂದ 4.3 ಸಿಸಿವರೆಗೆ ಹದಿನೈದು ಚಮಚ ಇರುತ್ತವೆ, ಜೊತೆಗೆ ಯಾವ ಮದ್ದಿಗೆ ಎಷ್ಟು ಅನ್ನುವ ಪಟ್ಟಿ. ಮನೆಯ ಚಮಚಕ್ಕೆ ಪಟ್ಟಿ ಇಲ್ಲ. ಆದ್ದರಿಂದ ಅದು ಅಳತೆಯ ಸಾಧನ ಅಲ್ಲ, ತಕ್ಕಡಿಗೆ ಮದ್ದು ಸಾಗಿಸುವ ಚಮಚ ಅಷ್ಟೇ. ಬೇಕಾದ್ದಕ್ಕಿಂತ ಸ್ವಲ್ಪ ಕಮ್ಮಿ ತುಂಬಿ ಹಾಕಿ, ಉಳಿದದ್ದನ್ನು ಕಾಳು ಕಾಳಾಗಿ ತಕ್ಕಡಿಯ ಮೇಲೆ ಉದುರಿಸಿ.

ತಕ್ಕಡಿ ಕೊಳ್ಳಲೇಬೇಕು, ಇದರಲ್ಲಿ ಚರ್ಚೆ ಇಲ್ಲ. ಒಂದು ಪೌಂಡಿಗೆ 7,000 ಗ್ರೇನ್. ನಾವು ನೋಡಬೇಕಾದದ್ದು ಒಂದು ಗ್ರೇನಿನ ಹತ್ತನೇ ಒಂದು ಭಾಗ. ಅಡುಗೆಮನೆ ತಕ್ಕಡಿಯ ಕೆಲಸವೇ ಅಲ್ಲ ಇದು. ಆಯ್ಕೆ ಇರುವುದು ಅಗ್ಗದ ಡಿಜಿಟಲ್ಲಿಗೂ ತೊಲೆಯ ತಕ್ಕಡಿಗೂ (ಅಡ್ಡ ಕಡ್ಡಿಯ ಮೇಲೆ ತೂಕ ಸರಿಸುವ ಬೀಮ್ ಸ್ಕೇಲ್) ಮಧ್ಯೆ. ಡಿಜಿಟಲ್ ಬೇಗ ಹೇಳುತ್ತದೆ, ಆದರೆ ಫ್ಯಾನ್ ಗಾಳಿ, ಇಳಿದ ಬ್ಯಾಟರಿ, ಚಳಿ, ಎಲ್ಲಕ್ಕೂ ಅಂಕಿ ಜಾರುತ್ತದೆ. ತೊಲೆಯದು ನಿಧಾನ, ಬೆಲೆಯೂ ಹೆಚ್ಚು, ಆದರೆ ಬ್ಯಾಟರಿ ಬೇಡ. ಗುರುತ್ವಾಕರ್ಷಣೆ ಕೈಕೊಟ್ಟ ದಿನ ನಮಗೆ ಬೇರೆ ಚಿಂತೆಗಳಿರುತ್ತವೆ. ಹೊಸಬರು ಒಂದನ್ನೇ ಕೊಳ್ಳುವುದಾದರೆ ತೊಲೆಯದನ್ನೇ ಕೊಳ್ಳಿ ಅನ್ನುತ್ತೇನೆ.

ತಕ್ಕಡಿಯ ಜೊತೆಗೆ ಮನೆಯಲ್ಲೇ ಮಾಡಿಕೊಳ್ಳಬಹುದಾದ ಒಂದು ಸಾಧನಕ್ಕೆ ಖರ್ಚು ಬರೀ ಐದು ಸೆಂಟು. ಒಂದು ನಿಕಲ್ ನಾಣ್ಯ. ಲೆಕ್ಕದ ಪ್ರಕಾರ 5 ಗ್ರಾಂ, ಅಂದರೆ ಸುಮಾರು 77.2 ಗ್ರೇನ್. ಹಾಗಂತ ಜೇಬಿನ ಯಾವುದೋ ನಾಣ್ಯವನ್ನು ನಂಬಿ ತಕ್ಕಡಿ ಸರಿಪಡಿಸಬೇಡಿ. ಟಂಕಸಾಲೆಯಲ್ಲೇ ನಾಣ್ಯಕ್ಕೂ ನಾಣ್ಯಕ್ಕೂ ಒಂದೆರಡು ಗ್ರೇನ್ ವ್ಯತ್ಯಾಸ ಬರುತ್ತದೆ, ಸವೆತ ಬೇರೆ. ಮಾಡಬೇಕಾದದ್ದು ಇಷ್ಟು: ತಕ್ಕಡಿಯನ್ನು ಅದರ ಜೊತೆ ಬಂದ ತೂಕದ ಬಟ್ಟಿನಿಂದ ಸರಿಮಾಡಿದ ದಿನ ಒಂದೇ ಒಂದು ನಾಣ್ಯವನ್ನು ತೂಗಿ, ಅಂಕಿಯನ್ನು ಡಬ್ಬಿಯ ಮೇಲೆ ಬರೆದು ಅದರಲ್ಲಿಡಿ. ಮುಂದೆ ಪ್ರತಿ ಸಲ ಶುರು ಮಾಡುವ ಮೊದಲು, ಮಧ್ಯೆ ಒಮ್ಮೆ, ಕೊನೆಗೆ ಒಮ್ಮೆ ಅದೇ ನಾಣ್ಯ ತೂಗಿ. ಅಂಕಿ ಬದಲಾದರೆ ತಕ್ಕಡಿ ಜಾರಿದೆ ಅಂತ. ಸದ್ದಿಲ್ಲದ ತಪ್ಪನ್ನು ಕಣ್ಣಿಗೆ ಕಾಣುವ ಹಾಗೆ ಮಾಡುವ ಉಪಾಯ ಇದು. ನನ್ನ ಡಬ್ಬಿಯ ಮೇಲೆ "76.9, ಖರ್ಚು ಮಾಡಬಾರದು" ಅಂತ ಬರೆದಿದೆ.

ಫನೆಲ್ ಸಂಗತಿ ಚಿಕ್ಕದು. ನೀರಿನ ಬಾಟಲಿ ಕತ್ತರಿಸಿ ಮಾಡಿದರೆ ಪ್ಲಾಸ್ಟಿಕ್ಕಿಗೆ ಮದ್ದಿನ ಕಾಳು ಅಂಟುತ್ತದೆ, ಒಂದು ಕೇಸಿಗೆ ಕಮ್ಮಿ, ಮುಂದಿನದಕ್ಕೆ ಜಾಸ್ತಿ. ಕೆಲವೇ ಡಾಲರಿಗೆ ಸರಿಯಾದದ್ದು ಸಿಗುತ್ತದೆ, ಕೊಳ್ಳಿ. ಎಷ್ಟು ಮದ್ದು ಹಾಕಬೇಕು ಅನ್ನುವುದಕ್ಕೆ ಲೈಮನ್, ಹಾರ್ನಡಿ ಥರದ ಕಂಪನಿಗಳ ಪುಸ್ತಕ ಬಿಟ್ಟು ಇನ್ಯಾರ ಮಾತನ್ನೂ ಕೇಳಬೇಡಿ, ನನ್ನದನ್ನೂ.

ಬೆಂಕಿ ತೋರಿಸುವುದು

ಐದಾರು ಸಲ ಹೊಡೆದ ರೈಫಲ್ ಕೇಸಿನ ಕತ್ತು ಗಡುಸಾಗಿ ಸೀಳುತ್ತದೆ. ಕತ್ತಿಗೆ ಮಾತ್ರ ಶಾಖ ಕೊಟ್ಟರೆ ಮತ್ತೆ ಮೆತ್ತಗಾಗುತ್ತದೆ. ಇದಕ್ಕೆ ನೂರಾರು ಡಾಲರಿನ ಯಂತ್ರಗಳಿವೆ. ಮನೆಯ ಉಪಾಯ: ಕಾರ್ಡ್‌ಲೆಸ್ ಡ್ರಿಲ್ಲಿಗೆ ಕೇಸ್ ಸಡಿಲವಾಗಿ ಕೂರುವಂಥ ಉದ್ದನೆಯ ಸಾಕೆಟ್, ಮುಂದೆ ಪ್ರೊಪೇನ್ ಟಾರ್ಚ್. ನಿಧಾನ ತಿರುಗಿಸುತ್ತಾ ಕೆಲವು ಸೆಕೆಂಡ್ ಕತ್ತನ್ನು ಉರಿಗೆ ಹಿಡಿದು, ಕೇಸನ್ನು ಉದುರಿಸುವುದು. ಅಗ್ಗ, ಕೆಲಸವೂ ಆಗುತ್ತದೆ. ಆದರೆ ಶಾಖ ಬುಡಕ್ಕೆ ಇಳಿದು ಬುಡ ಮೆತ್ತಗಾದರೆ ಆ ಕೇಸ್ ಅಪಾಯ, ಅದು ನೋಡಿದರೆ ಗೊತ್ತಾಗುವುದಿಲ್ಲ. ನನ್ನ ಎರಡನೇ ಪ್ರಶ್ನೆಗೆ ಇದು ಅರ್ಧ ಮಾತ್ರ ಪಾಸು. 750 ಡಿಗ್ರಿ ಫ್ಯಾರನ್‌ಹೀಟಿಗೆ ಕರಗುವ ಟೆಂಪಿಲಾಕ್ ಬಣ್ಣ ಕೊಂಡು ಹತ್ತು ಕೇಸಿನ ಮೇಲೆ ಹಚ್ಚಿ ಸೆಕೆಂಡ್ ಎಣಿಸಿ ಪಳಗಿದ ಮೇಲೆ ಮಾತ್ರ ಕೈಹಾಕಿ. ಮೊದಲ ವರ್ಷ ಬೇಡವೇ ಬೇಡ. ಕತ್ತು ಸೀಳಿದ ಕೇಸನ್ನು ಬಿಸಾಡಿ.

ಪ್ರೆಸ್ ಮತ್ತು ಅದರ ಕಾಲು

ಪ್ರೆಸ್, ಡೈ, ಪ್ರೈಮರ್ ಕೂರಿಸುವ ಸಾಧನ, ಮೂರನ್ನೂ ಕೊಳ್ಳಿ. ಕೇಸಿನ ಅಳತೆ ಇಂಚಿನ ಸಾವಿರದ ಲೆಕ್ಕದ್ದು, ಪ್ರೈಮರ್ ಏಟಿಗೆ ಸಿಡಿಯುವ ವಸ್ತು. ಪ್ರೆಸ್ಸನ್ನು ಕೂರಿಸುವ ಬೆಂಚು ಮಾತ್ರ ನಿಮ್ಮದೇ ಇರಲಿ. ಎರಡು ಇಂಚು ದಪ್ಪದ ಹಲಗೆ, ಗೋಡೆಗೆ ಸ್ಕ್ರೂ. ಗ್ಯಾರೇಜ್ ಇಲ್ಲದವರು ಒಂದೂವರೆ ಅಡಿ ಹಲಗೆಗೆ ಪ್ರೆಸ್ ಬಿಗಿದು, ಬಳಸುವಾಗ ಗಟ್ಟಿ ಮೇಜಿಗೆ ಎರಡು ಸಿ-ಕ್ಲ್ಯಾಂಪ್ ಹಾಕಿದರೆ ಆಯಿತು. ಊಟದ ಮೇಜು ಮಾತ್ರ ಬೇಡ.

ಅದೂ ಕಷ್ಟ ಅನ್ನುವವರಿಗೆ ಲೀ ಲೋಡರ್ ಇದೆ. ರಿಚರ್ಡ್ ಲೀ 1958ರಲ್ಲಿ ತನ್ನ ಮನೆಯ ವರ್ಕ್‌ಶಾಪಿನಲ್ಲಿ ಮಾಡಿದ್ದು. ಅಂಗೈಯಗಲದ ಪೆಟ್ಟಿಗೆ, ಒಳಗೆ ಡೈ, ಕಡ್ಡಿ, ಒಂದು ಚಮಚ. ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಮಾಡುವುದು. ಗಂಟೆಗೆ ಮೂವತ್ತು ನಲವತ್ತು ತೋಟಾ ಆದರೆ ಹೆಚ್ಚು. ಪ್ರೈಮರ್ ಕೂರಿಸುವಾಗ ಅಪರೂಪಕ್ಕೆ ಒಂದು ಪಟಾಕಿಯಂತೆ ಸಿಡಿಯುವುದೂ ಇದೆ, ಕನ್ನಡಕ ಹಾಕಿಕೊಳ್ಳದೆ ಕೂರಬೇಡಿ. ಕೇಸನ್ನು ಪೂರ್ತಿ ಮೊದಲಿನ ಅಳತೆಗೆ ತರುವುದಿಲ್ಲ, ಕತ್ತನ್ನು ಮಾತ್ರ ಸರಿಮಾಡುತ್ತದೆ. ಹಾಗಾಗಿ ನಿಮ್ಮದೇ ಕೋವಿಯಲ್ಲಿ ಹೊಡೆದ ಕೇಸಿಗೆ ಸರಿ, ರೇಂಜಿನಲ್ಲಿ ಹೆಕ್ಕಿದ್ದಕ್ಕೆ ಅಲ್ಲ.

ಸೀಸ ಕರಗಿಸಿ ಗುಂಡು ಎರೆಯುವ ವಿಷಯ ಕೇಳಿದರು. ಮಫಿನ್ ಟ್ರೇಯಲ್ಲಿ ಸೀಸದ ಗಟ್ಟಿ ಎರೆಯಬಹುದು ನಿಜ, ಆದರೆ ಅದು ಬೇರೆಯದೇ ಹವ್ಯಾಸ, ಹೊಗೆಯದ್ದು. ಇವತ್ತು ಬೇಡ.

ಈಗ ಕೇಳಿದವರ ವಿಷಯಕ್ಕೆ

ಇಬ್ಬರಲ್ಲಿ ಒಬ್ಬರು ತಿಂಗಳಿಗೆ ನಾನ್ನೂರು 9 ಎಂಎಂ ಹೊಡೆಯುತ್ತಾರೆ, ಗ್ಯಾರೇಜ್ ಇದೆ. ಅವರಿಗೆ ಹೇಳಿದ್ದು: ಪ್ರೆಸ್, ಕಾರ್ಬೈಡ್ ಡೈ, ತೊಲೆಯ ತಕ್ಕಡಿ, ಪುಸ್ತಕ, ತೋಟಾದ ಉದ್ದ ಅಳೆಯುವ ಕ್ಯಾಲಿಪರ್ ಇವಕ್ಕೆ ದುಡ್ಡು ಹಾಕಿ. ಬ್ಲಾಕಿಗೆ ಫ್ಯಾಕ್ಟರಿ ಟ್ರೇ, ತೊಳೆಯಲು ಚಿಕ್ಕ ರಾಕ್ ಟಂಬ್ಲರ್, ಬೆಂಚು ಸ್ವಂತದ್ದು. ಲೂಬ್ ಬೇಡ, ಬೆಂಕಿ ಬೇಡ.

ಇನ್ನೊಬ್ಬರು ಅಪಾರ್ಟ್‌ಮೆಂಟಿನಲ್ಲಿದ್ದಾರೆ, ಎರಡು ವರ್ಷದ ಮಗು ಇದೆ, ವರ್ಷಕ್ಕೆ ಇನ್ನೂರು .308. ಅವರಿಗೆ ಇದರಲ್ಲಿ ದುಡ್ಡು ಉಳಿಯುವುದಿಲ್ಲ ಅಂತ ಮೊದಲೇ ಹೇಳಿದೆ. ಗುರಿ ಚೆನ್ನಾಗಿ ಬರಬೇಕು ಅನ್ನುವ ಆಸೆ ಇದ್ದರೆ ಹಲಗೆಗೆ ಬಿಗಿದ ಪ್ರೆಸ್, ವ್ಯಾಕ್ಸ್ ಡಬ್ಬಿ, ತಕ್ಕಡಿ, ನಾಣ್ಯ. ಬ್ಲಾಕು ನಾನೇ ಕೊರೆದು ಕೊಡುತ್ತೇನೆ, ಈ ಸಲ ಅರ್ಧ ಇಂಚಿನ ಬರ್ಮದಲ್ಲಿ. ಕೇಸ್ ತೊಳೆಯುವುದನ್ನು ಮಾತ್ರ ಮನೆಯಲ್ಲಿ ಮಾಡಬೇಡಿ ಅಂದೆ. ಮೂರು ತಿಂಗಳಿಗೊಮ್ಮೆ ಚೀಲ ಹೊತ್ತು ನಮ್ಮ ಗ್ಯಾರೇಜಿಗೆ ಬಂದರೆ ಆ ಪಿವಿಸಿ ಡ್ರಮ್ಮಿಗೂ ಕೆಲಸ ಸಿಕ್ಕಂತಾಯಿತು. ಬರುವಾಗ ಒಂದು ಹಳೇ ಟವೆಲ್ ತನ್ನಿ, ಕ್ಯಾಪಿನ ಪಟ್ಟಿ ಈಗಲೂ ಆಗಾಗ ಸೋರುತ್ತದೆ.